ಕೊನೆಯ ಸಾಲಿನ ದ್ರಾವಿಡರು ಮತ್ತು ಕುದುರೆಯ ಬಾಲ

ಹೊನ್ನಾವರ ಕಡೆಯಿಂದ ಹೊರಟ ನಮ್ಮ ಮನೆಮಂದಿ ಈಗ ಡೊಂಬಿವಲಿ, ಠಾಣೆ, ಪುಣೆ, ವಾಸ್ಕೋ ಎಂದು ಚದುರಿಹೋಗಿದ್ದೇವೆ. ಭಾನುವಾರ ರಾತ್ರಿ ಊಟವಾದ ಮೇಲೆ ನಾಲ್ವರು ಸೇರಿ ‘ಏಜ್ ಆಫ್ ಎಂಪೈರ್ಸ್ 2’ ಎಂಬ ಕಂಪ್ಯೂಟರ್ ಯುದ್ಧದಾಟ ಆಡುತ್ತೇವೆ. ಎಂದೂ ಆಡದ ದೊಡ್ಡಪ್ಪ ವಾಟ್ಸಾಪ್ ಗುಂಪಿನ ಅಡ್ಮಿನ್. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆದರೂ, ವಾಕ್ಯವನ್ನು ಅರ್ಧಕ್ಕೆ ಬಿಟ್ಟರೂ ಅವರು ಆ ಸಂದೇಶವನ್ನು ಅಳಿಸಿಬಿಡುವುದರಿಂದ ನಮ್ಮ ಜಗಳಗಳು ಕೂಡ ತಹಶೀಲ್ದಾರರಿಗೆ ಬರೆದ ಅರ್ಜಿಯಂತೆ ಇರುತ್ತವೆ. ಮಂಗಳವಾರ ಅಣ್ಣ ಒಂದು ಚಿತ್ರ ಫಾರ್ವರ್ಡ್ ಮಾಡಿದ. ಆಟಗಾರರು ಆರಿಸಿಕೊಂಡು ಆಡುವ ನಾಗರಿಕತೆಗಳನ್ನು ಬಲದ ಪ್ರಕಾರ ಸಾಲುಸಾಲಾಗಿ ಜೋಡಿಸಿದ ಪಟ್ಟಿ ಅದು. ಮುಂದಿನದನ್ನು ಹಾಗೆಯೇ ಇಳಿಸಿಕೊಂಡಿದ್ದೇನೆ.

ಅಣ್ಣ (ಪುಣೆ): ಮೇಲಿನ ಸಾಲಿನಲ್ಲಿ ನನ್ನ ಫ್ರಾಂಕರು, ಕೊನೆಯ ಸಾಲಿನಲ್ಲಿ ತಮ್ಮನ ದ್ರಾವಿಡರು ಇರುವುದನ್ನು ಎಲ್ಲರೂ ಗಮನಿಸಬೇಕು. ಭಾನುವಾರದ ಸೋಲಿಗೆ ಅವನ ಕೈಗಿಂತ ಅವನ ಆಯ್ಕೆಯೇ ಕಾರಣವೆಂದು ಇನ್ನು ಮುಂದೆ ಸಮಾಧಾನ ಹೇಳಬಹುದು.

ನಾನು: ಅಣ್ಣಾ, ಚಿತ್ರದ ಅಡಿಯಲ್ಲಿರುವ ಸಣ್ಣ ಅಕ್ಷರಗಳನ್ನು ನೀನು ಹಿಗ್ಗಿಸಿ ಓದಿದಂತಿಲ್ಲ. ಒಬ್ಬರೆದುರು ಒಬ್ಬರು, ಅರೇಬಿಯಾ ಮ್ಯಾಪ್, ಎಂದು ಅಲ್ಲಿ ಬರೆದಿದೆ. ಅರೇಬಿಯಾ ಎಂದರೆ ಬಟ್ಟಬಯಲು. ಕುದುರೆ ಬಿಟ್ಟರೆ ಎತ್ತಲಿಂದ ಬೇಕಾದರೂ ನುಗ್ಗಬಹುದು. ನಾವು ಹೆಚ್ಚಾಗಿ ಆಡುವುದು ಇಬ್ಬರೆದುರು ಇಬ್ಬರಾಗಿ, ಅದೂ ಬ್ಲ್ಯಾಕ್ ಫಾರೆಸ್ಟಿನಲ್ಲಿ. ಅಲ್ಲಿ ದಟ್ಟ ಕಾಡಿನ ನಡುವೆ ನಾಲ್ಕೈದು ಕಿರುದಾರಿಗಳಷ್ಟೇ ಇರುತ್ತವೆ, ಅವನ್ನೂ ಗೋಡೆ ಕಟ್ಟಿ ಮುಚ್ಚುತ್ತೇವೆ. ಒಂದು ಯುಗದಿಂದ ಇನ್ನೊಂದಕ್ಕೆ ಏರಿದಾಗಲೆಲ್ಲ ದ್ರಾವಿಡರಿಗೆ 200 ಕಟ್ಟಿಗೆ ಪುಕ್ಕಟೆಯಾಗಿ ಸಿಗುತ್ತದೆ, ಕಾಲಾಳುಗಳನ್ನು ತಯಾರಿಸುವ ಬ್ಯಾರಕ್ಸಿನ ಸಂಶೋಧನೆಗಳಿಗೆ ಅರ್ಧ ಬೆಲೆ, ಮುತ್ತಿಗೆಯ ಯಂತ್ರಗಳಿಗೆ ತಗಲುವ ಕಟ್ಟಿಗೆಯಲ್ಲಿ ಮೂರರಲ್ಲೊಂದು ಪಾಲು ರಿಯಾಯಿತಿ. ಮುಚ್ಚಿದ ಮ್ಯಾಪಿನಲ್ಲಿ ಇಷ್ಟೆಲ್ಲ ಇರುವವರನ್ನು ಯಾರು ಕೊನೆಯ ಸಾಲಿನಲ್ಲಿ ಕೂರಿಸುತ್ತಾರೆ?

ಅಣ್ಣ (ಪುಣೆ): ಆದರೆ ಕಳೆದ ಭಾನುವಾರ ನಾವು ಆಡಿದ್ದು ಅರೇಬಿಯಾದಲ್ಲೇ. ಅಂದು ನಡೆದದ್ದನ್ನು ನೀನೇ ಹೇಳು.

ನಾನು: ಹೇಳುತ್ತೇನೆ, ಮುಚ್ಚಿಡುವುದೇನಿದೆ. ಮೂರನೆಯ ಯುಗವಾದ ಕ್ಯಾಸಲ್ ಏಜಿಗೆ ಏರಿದ ಕೂಡಲೇ ಬಂದ 200 ಕಟ್ಟಿಗೆಯನ್ನು ನಾನು ಮುತ್ತಿಗೆಯ ಯಂತ್ರ ತಯಾರಿಸುವ ಸೀಜ್ ವರ್ಕ್‌ಶಾಪಿಗೆ ಹಾಕಿದೆ. ಅದರ ಬೆಲೆ ಸರಿಯಾಗಿ 200 ಎಂಬ ಲೆಕ್ಕಾಚಾರ ನನಗೆ ಬಹಳ ಚೆಂದ ಕಂಡಿತ್ತು. ಅದರ ಅಡಿಪಾಯ ಏಳುವಷ್ಟರಲ್ಲಿ ನಿನ್ನ ಆರು ನೈಟ್‌ಗಳು (ಕವಚ ತೊಟ್ಟ ಕುದುರೆ ಸವಾರರು) ಎಡಗಡೆಯ ತೋಪಿಗೆ ಬಂದು ಕಟ್ಟಿಗೆ ಕಡಿಯುತ್ತಿದ್ದವರ ಮೇಲೆ ಬಿದ್ದವು. ಬ್ಯಾರಕ್ಸಿನಿಂದ ಈಟಿಯಾಳುಗಳನ್ನು ಓಡಿಸಿದೆ. ಅವರು ತೋಪು ಮುಟ್ಟುವಾಗ ನೈಟ್‌ಗಳು ಚಿನ್ನದ ಗಣಿಯ ಹತ್ತಿರವಿದ್ದವು, ಗಣಿ ಮುಟ್ಟುವಾಗ ಮತ್ತೆ ತೋಪಿನಲ್ಲಿದ್ದವು. ಹದಿಮೂರು ವಿಲೇಜರ್‌ಗಳು ಸತ್ತರು. ಈಟಿಯಾಳುಗಳು ಒಬ್ಬರೂ ಸಾಯಲಿಲ್ಲ, ಏಕೆಂದರೆ ಅವರಿಗೆ ಯುದ್ಧವೇ ಸಿಗಲಿಲ್ಲ.

ಅಣ್ಣ (ಪುಣೆ): ನನ್ನ ವಾದವೆಲ್ಲ ಆ ಕೊನೆಯ ವಾಕ್ಯದಲ್ಲೇ ಇದೆ. ಈಟಿ ಕುದುರೆಯನ್ನು ಗೆಲ್ಲುತ್ತದೆ, ಕುದುರೆ ಬಿಲ್ಲಾಳನ್ನು ಗೆಲ್ಲುತ್ತದೆ, ಬಿಲ್ಲಾಳು ಕಾಲಾಳನ್ನು ಗೆಲ್ಲುತ್ತಾನೆ ಎಂಬುದು 1999ರಿಂದ ಈ ಆಟದ ಬಾಲಪಾಠ. ಆದರೆ ಗೆಲ್ಲುವ ಮಾತು ಬೇರೆ, ಹಿಡಿಯುವ ಮಾತು ಬೇರೆ. 60 ಆಹಾರ, 75 ಚಿನ್ನಕ್ಕೆ ಬರುವ ನೈಟ್‌ಗೆ ಎಲ್ಲರಲ್ಲೂ 100 ಪ್ರಾಣಾಂಕವಿದ್ದರೆ ಫ್ರಾಂಕರಲ್ಲಿ 120 ಇರುತ್ತದೆ. ಹೊಲದ ಸುಧಾರಣೆಗಳು ಪುಕ್ಕಟೆ, ಬೆರ್ರಿ ಆಯುವ ಕೆಲಸ ಬೇಗ, ಹಾಗಾಗಿ ಆ 60 ಆಹಾರವೂ ನನಗೆ ಸುಲಭ. ದ್ರಾವಿಡರಿಗೆ ನೈಟ್ ಇಲ್ಲ, ಒಂಟೆಯೂ ಇಲ್ಲ. ಇರುವುದು ಹಗುರ ಸವಾರ ಮತ್ತು ಆನೆ. ಆನೆಯನ್ನು ಕಟ್ಟಿಕೊಂಡು ನೈಟ್ ಹಿಡಿಯಲು ಹೊರಟವರನ್ನು ನಾನು ನೋಡಿಲ್ಲ.

ಪುಟ್ಟ (ಪಿಂಪ್ರಿ): ಅಣ್ಣಂದಿರ ನಡುವೆ ಬಾಯಿ ಹಾಕುತ್ತಿರುವುದಕ್ಕೆ ಕ್ಷಮೆಯಿರಲಿ. ಬ್ರಿಟನ್ನರನ್ನು ಆಡುವ ನನ್ನನ್ನು ಕೇಳಿದರೆ, ದ್ರಾವಿಡರ ಭರ್ಜಿ ಎಸೆಯುವ ಸ್ಕರ್ಮಿಶರ್‌ಗಳೇ ಹೆಚ್ಚು ಕಾಟ ಕೊಡುತ್ತವೆ. ಅವು ಬೇರೆಯವರ ಸ್ಕರ್ಮಿಶರ್‌ಗಳಿಗಿಂತ 25 ಶೇಕಡಾ ವೇಗವಾಗಿ ಎಸೆಯುತ್ತವೆ, ಚಿನ್ನವೂ ಬೇಕಿಲ್ಲ. ನನ್ನ ಬಿಲ್ಲಾಳುಗಳು ಎಷ್ಟು ದೂರದಿಂದ ಹೊಡೆದರೇನು, ಅವುಗಳ ಎದುರು ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಹಾಗಾಗಿ ಅವರು ಕೊನೆಯ ಸಾಲಿನವರು ಎನ್ನುವುದು ಅಣ್ಣನ ಎದುರು ನಿಜವಿರಬಹುದು, ನನ್ನ ಎದುರು ಅಲ್ಲ.

ದೊಡ್ಡಪ್ಪ (ಡೊಂಬಿವಲಿ): ಒಂದು ಗಂಟೆಯಿಂದ ಓದುತ್ತಿದ್ದೇನೆ. ದ್ರಾವಿಡರು ಎಂದರೆ ಯಾರು? ಅದರೊಳಗೆ ನಾವು ಇದ್ದೇವೆಯೇ, ಅಥವಾ ಹೆಸರಿಗೆ ಮಾತ್ರ ಸೇರಿಸಿಕೊಂಡಿದ್ದಾರೆಯೇ?

ನಾನು: ದೊಡ್ಡಪ್ಪಾ, 2013ರಲ್ಲಿ ಇಡೀ ದೇಶಕ್ಕೆ ‘ಇಂಡಿಯನ್ಸ್’ ಎಂಬ ಒಂದೇ ನಾಗರಿಕತೆ ಕೊಟ್ಟಿದ್ದರು. 2022ರಲ್ಲಿ ಅದನ್ನು ಒಡೆದು ಹಿಂದುಸ್ತಾನಿ, ಗುರ್ಜರ, ಬಂಗಾಳಿ, ದ್ರಾವಿಡ ಎಂದು ನಾಲ್ಕು ಮಾಡಿದರು. ದ್ರಾವಿಡರ ವಿಶೇಷ ಯೋಧ ಕೇರಳದ ಉರುಮಿ ಹಿಡಿದವನು, ವಿಶೇಷ ಹಡಗು ತಿರಿಸಡೈ, ಕಥಾಭಾಗದ ನಾಯಕ ರಾಜೇಂದ್ರ ಚೋಳ. ಚೋಳರಿಗೂ ಕಲ್ಯಾಣದ ಚಾಲುಕ್ಯರಿಗೂ ಎಂಥ ಸಂಬಂಧವಿತ್ತೆಂದು ನಿಮಗೆ ಹೇಳಬೇಕಿಲ್ಲ. ನಮ್ಮದೆಂದು ಬೆರಳಿಟ್ಟು ತೋರಿಸಬಹುದಾದದ್ದು ಒಂದಿದೆ. ಕೊನೆಯ ಯುಗದಲ್ಲಿ ‘ವೂಟ್ಸ್ ಸ್ಟೀಲ್’ ಎಂಬ ಸಂಶೋಧನೆ ಸಿಗುತ್ತದೆ. ಅದಾದ ಮೇಲೆ ದ್ರಾವಿಡ ಕಾಲಾಳು ಮತ್ತು ಸವಾರರ ಏಟಿಗೆ ಎದುರಾಳಿಯ ಕವಚ ಲೆಕ್ಕಕ್ಕೇ ಬರುವುದಿಲ್ಲ.

ದೊಡ್ಡಪ್ಪ (ಡೊಂಬಿವಲಿ): ವೂಟ್ಸ್ ಎಂಬ ಮಾತು ನಮ್ಮ ‘ಉಕ್ಕು’ ಎಂಬುದರಿಂದಲೇ ಬಂದದ್ದೆಂದು ಬಲ್ಲವರು ಹೇಳುತ್ತಾರೆ. ಹಾಗಿದ್ದರೆ ನಾವು ಇದ್ದೇವೆ. ಇನ್ನು ಕುದುರೆಯ ಮಾತು. ಅದನ್ನು ಕೊಡದೆ ಇರುವುದು ಅವಮಾನವೆಂದು ನನಗನ್ನಿಸುವುದಿಲ್ಲ, ಆಟ ಮಾಡಿದವರು ಇತಿಹಾಸ ಓದಿದ್ದಾರೆ ಎನ್ನಿಸುತ್ತದೆ. ಒಳ್ಳೆಯ ಯುದ್ಧದ ಕುದುರೆ ನಮ್ಮಲ್ಲಿ ಹುಟ್ಟುತ್ತಿರಲಿಲ್ಲ. ಅರಬ್ಬೀ ಸಮುದ್ರ ದಾಟಿ ಭಟ್ಕಳಕ್ಕೆ, ಗೋವೆಗೆ ಬಂದು ಇಳಿಯುತ್ತಿತ್ತು. ಅಲ್ಲಿಂದ ಘಟ್ಟ ಹತ್ತಿ ವಿಜಯನಗರಕ್ಕೆ ಹೋಗುತ್ತಿತ್ತು. ನೂನಿಜ್ ಎಂಬ ಪೋರ್ಚುಗೀಸ್ ಕುದುರೆ ವ್ಯಾಪಾರಿ ಬರೆದಿಟ್ಟ ಪ್ರಕಾರ, ಸಾಳುವ ನರಸಿಂಹ ಸಮುದ್ರದಲ್ಲಿ ಸತ್ತ ಕುದುರೆಗೂ ಬೆಲೆ ಕೊಡುತ್ತಿದ್ದನಂತೆ. ಸತ್ತದ್ದಕ್ಕೆ ಸಾಕ್ಷಿಯಾಗಿ ಅದರ ಬಾಲವನ್ನು ತಂದು ತೋರಿಸಿದರೆ ಸಾಕಾಗಿತ್ತು.

ಅಣ್ಣ (ಪುಣೆ): ದೊಡ್ಡಪ್ಪಾ, ದಖನ್ನಿನಲ್ಲಿ ಕುದುರೆಯೇ ಹುಟ್ಟುತ್ತಿರಲಿಲ್ಲ ಎಂದರೆ ಇಲ್ಲಿ ಪುಣೆಯಲ್ಲಿ ಯಾರೂ ಒಪ್ಪುವುದಿಲ್ಲ. ಮರಾಠರ ದಂಡು ಓಡಿದ್ದು ಭೀಮಾ ತೀರದ ಭೀಮಥಡಿ ಕುದುರೆಗಳ ಮೇಲೆ.

ದೊಡ್ಡಪ್ಪ (ಡೊಂಬಿವಲಿ): ಒಪ್ಪಿದೆ. ಅವು ಗಿಡ್ಡ, ಗಟ್ಟಿ, ಗುಡ್ಡ ಹತ್ತುವಂಥವು. ಆದರೆ ಅವುಗಳ ಬಲವಿದ್ದದ್ದು ಬಂದು ಹೊಡೆದು ಮಾಯವಾಗುವುದರಲ್ಲಿ. ಹಾಗಿದ್ದ ಮೇಲೆ ನೀನೇ ಹೇಳಿದ ಹಗುರ ಸವಾರ ಅವರಿಗೆ ಇದ್ದಾನಲ್ಲ. ಇಲ್ಲದಿರುವುದು ಕವಚ ತೊಟ್ಟ ನೈಟ್ ಮಾತ್ರ.

ಅಕ್ಕ (ವಾಸ್ಕೋ): ಇಲ್ಲಿ ಮಳೆಗೆ ನೆಟ್ ಬಂದು ಹೋಗಿ ಮಾಡುತ್ತಿದೆ, ಆದ್ದರಿಂದ ಎಲ್ಲವನ್ನೂ ಒಂದೇ ಸಲ ಬರೆಯುತ್ತೇನೆ. ದೊಡ್ಡಪ್ಪಾ, ನೀವು ಹೇಳಿದ್ದರಲ್ಲಿ ಅರ್ಧವನ್ನು ಮಾತ್ರ ಆಟ ಮಾಡಿದವರು ಓದಿದ್ದಾರೆ. ಕುದುರೆ ಹುಟ್ಟುತ್ತಿರಲಿಲ್ಲ ಎಂಬುದು ನಿಜವಾದರೆ, ಕೊಳ್ಳುತ್ತಿದ್ದರು ಎಂಬುದೂ ಅಷ್ಟೇ ನಿಜ. 1520ರಲ್ಲಿ ರಾಯಚೂರಿನಲ್ಲಿ ಇಸ್ಮಾಯಿಲ್ ಆದಿಲ್ ಶಾಹನನ್ನು ಸೋಲಿಸಿದ ಕೃಷ್ಣದೇವರಾಯನ ದಂಡಿನಲ್ಲಿ ಕುದುರೆಗೆ ಬರವಿರಲಿಲ್ಲ. ಆಟದಲ್ಲಿಯೂ ಮಾರುಕಟ್ಟೆ ಇದೆ. ಅಲ್ಲಿ ಕಟ್ಟಿಗೆ, ಆಹಾರ, ಕಲ್ಲು ಮಾರಿ ಚಿನ್ನ ಮಾಡಿಕೊಳ್ಳಬಹುದು, ಆದರೆ ಆ ಚಿನ್ನ ಕೊಟ್ಟು ಕುದುರೆ ಕೊಳ್ಳಲು ಆಗುವುದಿಲ್ಲ. ಯಾವ ನಾಗರಿಕತೆಗೆ ಏನು ಹುಟ್ಟಿನಿಂದ ಇಲ್ಲವೋ ಅದು ಕೊನೆಯವರೆಗೂ ಇಲ್ಲ. ಹೀಗಾಗಿ ಒಬ್ಬಂಟಿಯಾಗಿ ಆಡುವಾಗ ದ್ರಾವಿಡರು ಬಯಲಿನಲ್ಲಿ ಸೊರಗುತ್ತಾರೆ ಎಂಬಲ್ಲಿ ಪಟ್ಟಿ ಸರಿಯಾಗಿಯೇ ಇದೆ. ತಮ್ಮಾ, ಬ್ಲ್ಯಾಕ್ ಫಾರೆಸ್ಟಿನ ಕಾಡಿನಲ್ಲಿ ಬಚ್ಚಿಟ್ಟುಕೊಂಡು ನೀನು ಆ ಮಾತನ್ನು ಸುಳ್ಳು ಮಾಡಲಾರೆ.

ನಾನು: ಬಚ್ಚಿಟ್ಟುಕೊಳ್ಳುವುದು ಎನ್ನಬೇಡ ಅಕ್ಕಾ, ಅದು ಮ್ಯಾಪಿಗೆ ತಕ್ಕ ಆಟ. ನಿನ್ನ ಪೋರ್ಚುಗೀಸರು ದ್ವೀಪಗಳ ಮ್ಯಾಪಿನಲ್ಲಿ ಫೈತೋರಿಯಾ ಎಂಬ ವ್ಯಾಪಾರದ ಕೋಠಿ ಕಟ್ಟಿಕೊಂಡು, ಗಣಿ ಬರಿದಾದ ಮೇಲೂ ಸಂಪತ್ತು ಹುಟ್ಟಿಸುತ್ತಾ ಕೂರುವುದಕ್ಕೆ ಏನೆನ್ನಬೇಕು? ಒಂದೊಂದು ಫೈತೋರಿಯಾ 20 ಜನರ ಜಾಗ ನುಂಗುತ್ತದೆ ಎಂಬುದನ್ನು ಬಿಟ್ಟರೆ ಅದಕ್ಕೆ ಕುಂದೇ ಇಲ್ಲ.

ಅಕ್ಕ (ವಾಸ್ಕೋ): ಅದಕ್ಕೆ ವ್ಯಾಪಾರ ಎನ್ನಬೇಕು, ನಾನಿರುವ ಊರಿನಲ್ಲಿ ಅವರು ಮಾಡಿದ್ದೂ ಅದನ್ನೇ. ಈಗ ನನ್ನ ಮಾತು ಕೇಳು. ಪೋರ್ಚುಗೀಸರಿಗೆ ಪ್ರತಿಯೊಂದು ಸೈನಿಕನ ಚಿನ್ನದ ಬೆಲೆಯಲ್ಲಿ 20 ಶೇಕಡಾ ಕಡಿತವಿದೆ. ಅಣ್ಣ 75 ಕೊಡುವ ನೈಟ್‌ಗೆ ನಾನು 60 ಚಿನ್ನ ಕೊಡುತ್ತೇನೆ. ನನ್ನವುಗಳಿಗೆ 120 ಪ್ರಾಣಾಂಕ ಇಲ್ಲದಿರಬಹುದು, ಆದರೆ ಅವು ಹಿಡಿಯಬಲ್ಲವು. ಇಬ್ಬರೆದುರು ಇಬ್ಬರ ಆಟದಲ್ಲಿ ಮಿತ್ರನಿಗೆ ಕುದುರೆಯನ್ನು ಕೊಡಲಾಗದಿದ್ದರೂ ಮಾರುಕಟ್ಟೆಯ ಮೂಲಕ ಆಹಾರ, ಚಿನ್ನವನ್ನು ಕಳಿಸಬಹುದು. ನೀನು ನಿನ್ನ ಈಟಿಯಾಳು, ಸ್ಕರ್ಮಿಶರ್‌ಗಳನ್ನು ಚಿನ್ನವಿಲ್ಲದೆ ನಡೆಸಿ, ಉಳಿದ ಚಿನ್ನವನ್ನು ನನಗೆ ಕಪ್ಪವಾಗಿ ಕಳಿಸು. ನಾನು ಇಬ್ಬರ ಪರವಾಗಿಯೂ ಕುದುರೆ ಕಟ್ಟುತ್ತೇನೆ. ನೈಟ್‌ಗಳು ಅಣ್ಣನನ್ನು ಬಯಲಿನಲ್ಲಿ ತಡೆದು ನಿಲ್ಲಿಸಿದರೆ ನಿನ್ನ ಈಟಿಯಾಳುಗಳಿಗೂ ಯುದ್ಧ ಸಿಗುತ್ತದೆ.

ದೊಡ್ಡಪ್ಪ (ಡೊಂಬಿವಲಿ): ಕಪ್ಪವೆಂಬ ಪದವನ್ನು ಹಿಂತೆಗೆದುಕೊ. ವಿಜಯನಗರ ಪೋರ್ಚುಗೀಸರಿಗೆ ಕಪ್ಪ ಕೊಡಲಿಲ್ಲ, ಬೆಲೆ ಕೊಟ್ಟಿತು.

ಅಕ್ಕ (ವಾಸ್ಕೋ): ಹಿಂತೆಗೆದುಕೊಂಡೆ. ಆಟದೊಳಗೆ ಆ ಗುಂಡಿಯ ಹೆಸರು ಹಾಗಿದೆ, ಅಷ್ಟೇ. ಇನ್ನೊಂದು ಮಾತು: 1510ರಲ್ಲಿ ಪೋರ್ಚುಗೀಸ್ ದಂಡನಾಯಕ ಅಲ್ಬುಕರ್ಕನಿಗೆ ಗೋವೆಯ ದಾರಿ ತೋರಿಸಿದವನು ಹೊನ್ನಾವರದ ತಿಮ್ಮಯ್ಯ. ಆದ್ದರಿಂದ ನಮ್ಮ ಊರಿನವರು ಪೋರ್ಚುಗೀಸರ ಜೊತೆ ಕೂಡಿಕೊಂಡರೆಂದು ಯಾರೂ ಹೊಸದಾಗಿ ಆಕ್ಷೇಪ ಎತ್ತಬೇಕಿಲ್ಲ.

ಅಣ್ಣ (ಪುಣೆ): ತಿಮ್ಮಯ್ಯನಿಗೆ ಆಮೇಲೆ ಎಷ್ಟು ದಕ್ಕಿತೆಂದು ತಮ್ಮ ಓದಿಕೊಳ್ಳಲಿ. ನನಗೆ ಆಕ್ಷೇಪವಿಲ್ಲ. ಕಾಯಿನೇಜ್, ಬ್ಯಾಂಕಿಂಗ್ ಸಂಶೋಧಿಸುವ ತನಕ ಕಳಿಸಿದ ಚಿನ್ನದಲ್ಲಿ ಒಂದು ಪಾಲು ಸುಂಕವಾಗಿ ದಾರಿಯಲ್ಲೇ ಕಳೆದುಹೋಗುತ್ತದೆ, ಮೊದಲು ಮಾರುಕಟ್ಟೆಯನ್ನೂ ಕಟ್ಟಬೇಕು. ಅಷ್ಟರಲ್ಲಿ ನನ್ನ ಆರು ನೈಟ್‌ಗಳು ತೋಪಿಗೆ ಬಂದಿರುತ್ತವೆ. ಪುಟ್ಟ ನನ್ನ ಕಡೆ, ಮ್ಯಾಪ್ ಅರೇಬಿಯಾ.

ನಾನು: ಈ ಸಲ ತೋಪಿಗೆ ಮೊದಲೇ ಬೇಲಿ ಹಾಕಿರುತ್ತೇನೆ. ಆ 200 ಕಟ್ಟಿಗೆಯನ್ನು ಸೀಜ್ ವರ್ಕ್‌ಶಾಪಿಗೆ ಮುಟ್ಟಿಸುವುದಿಲ್ಲ, ಮಾರುಕಟ್ಟೆಗೆ ಸುರಿಯುತ್ತೇನೆ. ನನ್ನ ಕಡೆಯಿಂದ ಅರೇಬಿಯಾಕ್ಕೆ ಒಪ್ಪಿಗೆ.

ದೊಡ್ಡಪ್ಪ (ಡೊಂಬಿವಲಿ): ಕುದುರೆಗಳು ಬರುತ್ತಿದ್ದದ್ದೂ ಅಲ್ಲಿಂದಲೇ.

ಅಕ್ಕ (ವಾಸ್ಕೋ): ಒಂದು ಷರತ್ತಿದೆ. ಚಿನ್ನ ಮುಂಗಡವಾಗಿ ಬರಬೇಕು, ಸತ್ತ ನೈಟ್‌ಗಳ ಲೆಕ್ಕವನ್ನು ತಮ್ಮ ಕೇಳಬಾರದು. ಬಾಲ ತಂದು ತೋರಿಸುವ ಗುಂಡಿ ಈ ಆಟದಲ್ಲಿ ಇಲ್ಲ.