ಅಪ್ಪನ ಹಾರ್ಡ್ ಡಿಸ್ಕಿನಲ್ಲಿ 23 ಸಾವಿರ ಫೈಲು, ಹೇಗೆ ಜೋಡಿಸೋದು?

ಕಾರವಾರದಿಂದ ಕೇಳಿದ್ದು

ನಮ್ಮ ಅಪ್ಪ ನಿವೃತ್ತರಾದ ಮೇಲೆ ಮಾಡಿದ್ದು ಒಂದೇ ಕೆಲಸ, ಹಾಡು ಕೂಡಿಹಾಕಿದ್ದು. ಹೋದ ವರ್ಷ ತೀರಿಕೊಂಡರು. ಈಗ ನನ್ನ ಕೈಯಲ್ಲಿ ಒಂದು ಹಾರ್ಡ್ ಡಿಸ್ಕ್ ಇದೆ, ಅದರಲ್ಲಿ ಸುಮಾರು 23 ಸಾವಿರ ಫೈಲು. ಯಕ್ಷಗಾನ, ತಾಳಮದ್ದಳೆ, ಹಿಂದೂಸ್ತಾನಿ, ಹಳೇ ಸಿನಿಮಾ ಹಾಡು, ಕೊಂಕಣಿ ಭಜನೆ ಎಲ್ಲ ಕಲಸಿಕೊಂಡಿವೆ. ಅರ್ಧದಷ್ಟಕ್ಕೆ ‘ಟ್ರ್ಯಾಕ್ 01’, ‘ಟ್ರ್ಯಾಕ್ 02’ ಅಂತಲೇ ಹೆಸರು. ಫೋಲ್ಡರುಗಳ ಹೆಸರು ‘ಹೊಸತು’, ‘ಹೊಸತು 2’, ‘ಎಲ್ಲ ಒಳ್ಳೇದು’. ಜೊತೆಗೆ ಎರಡು ರಟ್ಟಿನ ಡಬ್ಬಿ ತುಂಬ ಕ್ಯಾಸೆಟ್. ಒಂದು ಭಾನುವಾರ ಒಬ್ಬಳೇ ಕೂತು ಶುರು ಮಾಡಿದೆ. ಸಂಜೆಯೊಳಗೆ 40 ಫೈಲು ಮುಗಿಯಿತು. ಲೆಕ್ಕ ಹಾಕಿದರೆ ಇದಕ್ಕೆ 11 ವರ್ಷದ ಭಾನುವಾರಗಳು ಬೇಕು! ಇಂಥ ಕೆಲಸ ಮಾಡಿದವರು ಯಾರಾದರೂ ಇದ್ದರೆ ಹೇಗೆ ಮಾಡಿದಿರಿ ಹೇಳಿ.

ಶಿರಸಿಯವರು

ತಂಗಿ, ಮೊದಲು ಟ್ಯಾಗ್ ಮಾಡೋದು, ಅಂದರೆ ಒಂದೊಂದೇ ಫೈಲಿನೊಳಗೆ ಹಾಡಿನ ಹೆಸರು, ಹಾಡಿದವರ ಹೆಸರು ತುಂಬೋದು ನಿಲ್ಲಿಸು. ನಾನು ಇದೇ ತಪ್ಪು ಮಾಡಿ ಒಂದು ಮಳೆಗಾಲ ಪೂರ್ತಿ ಹಾಳು ಮಾಡಿಕೊಂಡವನು. ಚಾಲಿ ಅಡಿಕೆಯಿಂದ ಕೋಕ, ಬಿಳೆಗೋಟು ಅನ್ನುವ ಕಡಿಮೆ ದರ್ಜೆಯದನ್ನು ಬೇರೆ ಮಾಡುವಾಗ ಯಾರೂ ಒಂದೊಂದೇ ಅಡಿಕೆ ಎತ್ತಿ ಯೋಚನೆ ಮಾಡುತ್ತಾ ಕೂರುವುದಿಲ್ಲ, ಅಲ್ವಾ? ಇದೂ ಹಾಗೇ. ಮೊದಲು ಇಡೀ ಡಿಸ್ಕನ್ನು ಇನ್ನೊಂದು ಡಿಸ್ಕಿಗೆ ನಕಲು ಮಾಡಿ, ಮೂಲದ್ದನ್ನು ಕಪಾಟಿನಲ್ಲಿಟ್ಟು ಬೀಗ ಹಾಕು. ಕೆಲಸ ಎಲ್ಲ ನಕಲಿನ ಮೇಲೆ.

ಆಮೇಲೆ ಒಂದು ಮಾತು, ಇದನ್ನು ನನಗೆ ಯಾರೂ ಹೇಳಿರಲಿಲ್ಲ. ‘ಎಲ್ಲ ಒಳ್ಳೇದು’ ಅನ್ನುವ ಫೋಲ್ಡರ್ ಕಸ ಅಲ್ಲ. ಅದು ನಿನ್ನ ಅಪ್ಪ ಆರಿಸಿದ್ದು. ನೀನು ಫೈಲುಗಳನ್ನು ಬೇರೆ ಬೇರೆ ಕಡೆ ಸರಿಸಿದ ಕೂಡಲೇ ಆ ಆಯ್ಕೆ ಅಳಿಸಿಹೋಗುತ್ತದೆ. ಎಂಪಿ3 ಟ್ಯಾಗ್ ಅಂತ ಒಂದು ಸಾಫ್ಟ್‌ವೇರ್ ಇದೆ, ವಿಂಡೋಸಿಗೆ ಪುಕ್ಕಟೆ. ಅದರಲ್ಲಿ ಫೋಲ್ಡರಿನ ಹೆಸರನ್ನು ಒಂದೇ ಸಲಕ್ಕೆ ಎಲ್ಲ ಫೈಲುಗಳ ಕಾಮೆಂಟ್ ಜಾಗಕ್ಕೆ ತುಂಬಬಹುದು. ಸರಿಸುವ ಮೊದಲು ಅದನ್ನು ಮಾಡು. ನಾನು ಮಾಡಲಿಲ್ಲ. ನಮ್ಮ ಅಣ್ಣ ಒಂದು ಫೋಲ್ಡರಿಗೆ ‘ಅಮ್ಮನಿಗೆ’ ಅಂತ ಹೆಸರಿಟ್ಟಿದ್ದ. ಅದರಲ್ಲಿ ಏನೇನಿತ್ತು ಅಂತ ಈಗ ಯಾರಿಗೂ ಗೊತ್ತಿಲ್ಲ.

ಇನ್ನು ಯಕ್ಷಗಾನ. ಟ್ಯಾಗಿನಲ್ಲಿರುವ ಖಾನೆಗಳೆಲ್ಲ ಮೂರು ನಿಮಿಷದ ಹಾಡಿಗೆ ಅಂತ ಮಾಡಿದ್ದು, ಇಡೀ ರಾತ್ರಿಯ ಆಟಕ್ಕಲ್ಲ. ಹಾಗಾಗಿ ಯಾವ ಖಾನೆಯಲ್ಲಿ ಏನು ಅಂತ ನೀನೇ ಒಂದು ಕಟ್ಟು ಮಾಡಿಕೊಳ್ಳಬೇಕು, ಮಾಡಿಕೊಂಡ ಮೇಲೆ ಬದಲಿಸಬಾರದು. ನಾನು ಆಲ್ಬಮ್ ಜಾಗದಲ್ಲಿ ಪ್ರಸಂಗ, ಊರು, ವರ್ಷ ಮೂರನ್ನೂ ಬರೆಯುತ್ತೇನೆ, ಯಾಕೆಂದರೆ ಒಂದೇ ಪ್ರಸಂಗ ಹತ್ತು ಕಡೆಯದು ಇರುತ್ತದೆ. ಆರ್ಟಿಸ್ಟ್ ಅಂದರೆ ಪದ್ಯ ಹಾಡುವ ಭಾಗವತರು. ಆಲ್ಬಮ್ ಆರ್ಟಿಸ್ಟ್ ಅಂದರೆ ಮೇಳ. ಕಂಪೋಸರ್ ಜಾಗಕ್ಕೆ ಪ್ರಸಂಗ ಬರೆದ ಕವಿ, ಗೊತ್ತಿದ್ದರೆ. ಮದ್ದಳೆ, ಚಂಡೆ, ವೇಷಧಾರಿಗಳು ಎಲ್ಲ ಕಾಮೆಂಟಿಗೆ, ಫೋಲ್ಡರ್ ಹೆಸರಿನ ಮುಂದೆ ಸೇರಿಸುವುದು. ಒಂದೇ ರಾತ್ರಿಯಲ್ಲಿ ಭಾಗವತರು ಬದಲಾಗುತ್ತಾರೆ, ಅದಕ್ಕೇ ಇಡೀ ಆಟಕ್ಕೆ ಒಂದೇ ಹೆಸರು ಹಾಕಬೇಡ. ತಾಳಮದ್ದಳೆಗೆ ಮಾತ್ರ ಅರ್ಥಧಾರಿಗಳ, ಅಂದರೆ ವೇಷವಿಲ್ಲದೆ ಕೂತು ಪಾತ್ರದ ಮಾತಾಡುವವರ ಹೆಸರು ಮುಂದೆ ಬರಬೇಕು, ಜನ ಹುಡುಕುವುದೇ ಅದನ್ನು.

ಹೆಸರಿನ ವಿಷಯದಲ್ಲಿ ನಾನು ಬಿದ್ದ ಗುಂಡಿ ಹೇಳುತ್ತೇನೆ. ಭಾಗವತ ಕಾಳಿಂಗ ನಾವಡರು ನನ್ನ ಪಟ್ಟಿಯಲ್ಲಿ ಐದು ಜನ ಆಗಿದ್ದರು! ಒಂದು ಕಡೆ ಕಾಳಿಂಗ ನಾವಡ, ಒಂದು ಕಡೆ ಗುಂಡ್ಮಿ ಕಾಳಿಂಗ ನಾವಡ, ಇನ್ನೊಂದು ಕಡೆ ಬರೀ ನಾವಡರು, ಹೀಗೆ. ಒಂದು ಹಾಳೆಯಲ್ಲಿ ಇವರಿಗೆ ಇದೇ ಹೆಸರು ಅಂತ ಬರೆದು ಗೋಡೆಗೆ ಅಂಟಿಸಿಕೊಂಡ ಮೇಲೆ ಸರಿಯಾಯಿತು. ಮತ್ತೆ ಕೆಲವು ಸಾಫ್ಟ್‌ವೇರುಗಳು ಕೊನೆಯ ಹೆಸರು ಮುಂದೆ ತಂದು ಸಾಲಾಗಿ ನಿಲ್ಲಿಸುತ್ತವೆ. ನಮ್ಮ ಜಿಲ್ಲೆಯಲ್ಲಿ ಹಾಗೆ ಮಾಡಿದರೆ ಎಂತ ಆಗುತ್ತದೆ ಹೇಳು? ಭಟ್ಟ, ಭಟ್ಟ, ಆಮೇಲೆ ಹೆಗಡೆ, ಹೆಗಡೆ, ಹೆಗಡೆ. ಬರೀ ‘ಕೆರೆಮನೆ’ ಅಂತ ಬರೆದರೂ ಆಗಲಿಲ್ಲ. ಶಿವರಾಮ ಹೆಗಡೆ, ಮಹಾಬಲ ಹೆಗಡೆ, ಶಂಭು ಹೆಗಡೆ ಎಲ್ಲರೂ ಕೆರೆಮನೆಯವರೇ. ಪೂರ್ತಿ ಹೆಸರು ಬರೆ.

ಕ್ಯಾಸೆಟ್ ಮೇಲಿನ ವರ್ಷವನ್ನೂ ಕಣ್ಣು ಮುಚ್ಚಿ ನಂಬಬೇಡ. ನಾವಡರು ತೀರಿಕೊಂಡದ್ದು 1990ರಲ್ಲಿ. ನನ್ನಲ್ಲಿ ಅವರ ಹೆಸರಿನ ಒಂದು ಕ್ಯಾಸೆಟ್ ಮೇಲೆ 1993 ಅಂತ ಇತ್ತು. ಅದು ಯಾರೋ ನಕಲು ಮಾಡಿಕೊಂಡ ವರ್ಷ. ಅಂಥದ್ದಕ್ಕೆ ನಾನು ‘1990ಕ್ಕೆ ಮೊದಲು’ ಅಂತ ಕಾಮೆಂಟಿನಲ್ಲಿ ಬರೆದು ವರ್ಷದ ಖಾನೆ ಖಾಲಿ ಬಿಡುತ್ತೇನೆ. ಅನುಮಾನ ಇದ್ದರೆ ಪ್ರಶ್ನೆ ಚಿಹ್ನೆ ಹಾಕೋಣ ಅಂತ ಮೊದಲು ಅಂದುಕೊಂಡಿದ್ದೆ, ಆದರೆ ಫೈಲಿನ ಹೆಸರಿನಲ್ಲಿ ಆ ಚಿಹ್ನೆಯನ್ನು ವಿಂಡೋಸ್ ಬಿಡುವುದೇ ಇಲ್ಲ. ಈಗ ‘ಬಹುಶಃ’ ಅಂತ ಬರೆಯುತ್ತೇನೆ.

ಅಂಕೋಲಾದವರು

ನನ್ನದು ಬರೀ ಸಿನಿಮಾ ಹಾಡು, 9 ಸಾವಿರ. ಅದರಲ್ಲಿ ಬಹುಪಾಲು ಹಳೇ ಎಂಪಿ3 ಸೀಡಿಗಳಿಂದ ಬಂದದ್ದು. ಸಿನಿಮಾ ಹಾಡಿಗೆ ದೊಡ್ಡ ತಲೆನೋವು ಅಂದರೆ ಒಂದೇ ಸಿನಿಮಾದ ಎಂಟು ಹಾಡು ಪ್ಲೇಯರಿನಲ್ಲಿ ಎಂಟು ಆಲ್ಬಮ್ ಆಗಿ ಒಡೆದುಹೋಗೋದು, ಯಾಕೆಂದರೆ ಒಂದಕ್ಕೆ ಪಿ.ಬಿ. ಶ್ರೀನಿವಾಸ್, ಇನ್ನೊಂದಕ್ಕೆ ಎಸ್. ಜಾನಕಿ, ಮತ್ತೊಂದಕ್ಕೆ ಇಬ್ಬರೂ. ಆಲ್ಬಮ್ ಆರ್ಟಿಸ್ಟ್ ಖಾನೆಯಲ್ಲಿ ಎಲ್ಲದಕ್ಕೂ ಒಂದೇ ಹೆಸರು ಹಾಕಿದರೆ ಒಟ್ಟಿಗೆ ಬರುತ್ತವೆ. ನಾನು ಸಂಗೀತ ನಿರ್ದೇಶಕರ ಹೆಸರು ಹಾಕುತ್ತೇನೆ. ರಾಜನ್-ನಾಗೇಂದ್ರ ಅಂತ ಒತ್ತಿದರೆ ಅವರದ್ದೆಲ್ಲ ಸಾಲಾಗಿ ಬರುತ್ತದೆ, ಸುಖ.

ಆದರೆ ಒಂದು ವಿಷಯ ಕೇಳಿ, ಫೈಲಿನ ಹೆಸರು ಮಾತ್ರ ಇಂಗ್ಲಿಷ್ ಅಕ್ಷರದಲ್ಲೇ ಇಡಿ. ನನ್ನ ಕಾರಿನ ಸ್ಟೀರಿಯೋ ಕನ್ನಡ ಕಂಡರೆ ಬರೀ ಡಬ್ಬಿ ಡಬ್ಬಿ ತೋರಿಸುತ್ತದೆ. ಅಂಕೋಲಾದಿಂದ ಹುಬ್ಬಳ್ಳಿವರೆಗೆ ಅರಬೈಲ್ ಘಾಟಿಯಲ್ಲಿ ಡಬ್ಬಿ ನೋಡಿಕೊಂಡು ಹಾಡು ಹುಡುಕಿ ನೋಡಿ, ಗೊತ್ತಾಗುತ್ತದೆ.

ಹೊನ್ನಾವರದವರು

ಅಂಕೋಲಾದ ಅಣ್ಣನ ಮಾತು ಅರ್ಧ ಸರಿ. ಫೈಲಿನ ಹೆಸರು ಇಂಗ್ಲಿಷಿನಲ್ಲಿ ಇರಲಿ, ಆದರೆ ಟ್ಯಾಗ್ ಕನ್ನಡದಲ್ಲೇ ಇರಬೇಕು. ಇಂಗ್ಲಿಷಿನಲ್ಲಿ ಬರೆದರೆ ಚಂಡೆಗೆ ನಾಲ್ಕು ಥರ ಸ್ಪೆಲ್ಲಿಂಗ್, ಮದ್ದಳೆಗೆ ಆರು ಥರ. ಕನ್ನಡದಲ್ಲಿ ಆ ರಗಳೆ ಕಮ್ಮಿ.

ಕಮ್ಮಿ ಅಂದೆ, ಇಲ್ಲವೇ ಇಲ್ಲ ಅನ್ನಲಿಲ್ಲ. ಕನ್ನಡಕ್ಕೆ ತನ್ನದೇ ಒಂದು ಕಾಟ ಇದೆ. ಶ್ರೀನಿವಾಸ್ ಅಂತ ಬರೆದಾಗ ಕೊನೆಯ ‘ಸ್’ ಆದ ಮೇಲೆ ಕೆಲವು ಕೀಬೋರ್ಡುಗಳು ಕಣ್ಣಿಗೆ ಕಾಣದ ಒಂದು ಅಕ್ಷರ ಸೇರಿಸುತ್ತವೆ. ನೋಡಲು ಎರಡೂ ಒಂದೇ. ಕಂಪ್ಯೂಟರಿಗೆ ಮಾತ್ರ ಇಬ್ಬರು ಬೇರೆ ಬೇರೆ ಶ್ರೀನಿವಾಸರು. ನಾನು ಇದಕ್ಕೆ ಒಂದು ವಾರ ತಲೆ ಕೆಡಿಸಿಕೊಂಡಿದ್ದೆ. ಉಪಾಯ ಸುಲಭ, ಹೆಸರನ್ನು ಪ್ರತಿ ಸಲ ಟೈಪ್ ಮಾಡಬೇಡಿ. ಶಿರಸಿಯವರು ಹೇಳಿದ ಗೋಡೆಯ ಪಟ್ಟಿಯನ್ನು ಕಂಪ್ಯೂಟರಿನಲ್ಲೇ ಒಂದು ಫೈಲ್ ಮಾಡಿ, ಅಲ್ಲಿಂದ ಕಾಪಿ ಮಾಡಿ.

ಹಳೇ ಫೈಲುಗಳಲ್ಲಿ ಹೆಸರಿನ ಜಾಗದಲ್ಲಿ ವಿಚಿತ್ರ ಚಿಹ್ನೆಗಳು ಕಂಡರೆ ಹಾಡು ಹಾಳಾಗಿದೆ ಅಂತಲ್ಲ. ಎಲ್ಲ ಕಂಪ್ಯೂಟರಿಗೂ ಒಂದೇ ಆದ ಯುನಿಕೋಡ್ ಅಕ್ಷರ ಬಳಕೆಗೆ ಬರುವ ಮೊದಲಿನ ನುಡಿ ಅಥವಾ ಬರಹ ಫಾಂಟಿನಲ್ಲಿ ಟೈಪ್ ಮಾಡಿದ್ದು ಇರಬಹುದು. ಅದನ್ನು ಯುನಿಕೋಡಿಗೆ ಬದಲಿಸುವ ಪರಿವರ್ತಕಗಳು ಸಿಗುತ್ತವೆ, ಅಳಿಸಿಬಿಡಬೇಡಿ. ಮತ್ತೆ ಟ್ಯಾಗ್ ಉಳಿಸುವಾಗ ಸೆಟ್ಟಿಂಗಿನಲ್ಲಿ ಐಡಿ3 (ಎಂಪಿ3 ಟ್ಯಾಗ್ ಬರೆಯುವ ಪದ್ಧತಿ) ಆವೃತ್ತಿ 2.3, ಅಕ್ಷರಕ್ಕೆ ಯುಟಿಎಫ್-16 ಅಂತ ಆರಿಸಿಕೊಳ್ಳಿ. 2.4 ಹೊಸದು, ಚೆನ್ನಾಗೂ ಇದೆ, ಆದರೆ ಹಳೇ ಪ್ಲೇಯರುಗಳಿಗೆ ಓದಲು ಬರುವುದಿಲ್ಲ. 1996ರ ಮೊದಲ ಆವೃತ್ತಿಯಂತೂ ಬೇಡವೇ ಬೇಡ. ಅದು ಫೈಲಿನ ಬಾಲದಲ್ಲಿ ಬರೀ 128 ಬೈಟ್, ಹಾಡಿನ ಹೆಸರಿಗೆ 30 ಮಾತ್ರ. ಉದ್ದ ಹೆಸರೆಲ್ಲ ಮಧ್ಯದಲ್ಲೇ ಕಡಿದುಹೋಗಿರುವುದು ಅದರಿಂದಲೇ.

ಯಲ್ಲಾಪುರದವರು, ಈಗ ಧಾರವಾಡದಲ್ಲಿರುವುದು

ಹಿಂದೂಸ್ತಾನಿ ಬಗ್ಗೆ ಯಾರೂ ಹೇಳಲಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ಮ್ಯೂಸಿಕ್‌ಬ್ರೇನ್ಸ್ ಪಿಕಾರ್ಡ್ ಅಂತ ಒಂದು ಪುಕ್ಕಟೆ ಸಾಫ್ಟ್‌ವೇರ್ ಇದೆ. ಅದು ಹಾಡಿನ ಧ್ವನಿಯನ್ನೇ ಬೆರಳಚ್ಚಿನ ಹಾಗೆ ಹೋಲಿಸಿ ಹೆಸರು ಹುಡುಕುತ್ತದೆ. ಅಂಗಡಿಯಲ್ಲಿ ಮಾರಿದ ಸೀಡಿಗಳಾದರೆ ಎಷ್ಟೋ ಸಲ ‘ಟ್ರ್ಯಾಕ್ 01’ಕ್ಕೂ ಸರಿಯಾದ ಹೆಸರು ಕೊಡುತ್ತದೆ. ಆದರೆ ಊರ ದೇವಸ್ಥಾನದಲ್ಲಿ ಯಾರೋ ಟೇಪ್ ಮಾಡಿಕೊಂಡ ಬೈಠಕ್ಕು ಅದಕ್ಕೆ ಎಲ್ಲಿಂದ ಗೊತ್ತಾಗಬೇಕು? ಯಕ್ಷಗಾನಕ್ಕೂ ಅಷ್ಟೇ. ಹಾಗಾಗಿ ಸಿನಿಮಾ ಮತ್ತು ಸೀಡಿಗಳ ಫೋಲ್ಡರನ್ನು ಮಾತ್ರ ಅದಕ್ಕೆ ತಿನ್ನಿಸಿ. ಎಲ್ಲವನ್ನೂ ಒಮ್ಮೆಗೇ ಕೊಟ್ಟು ಕಣ್ಣು ಮುಚ್ಚಿ ‘ಸೇವ್’ ಒತ್ತಿದರೆ ಕೆಲವಕ್ಕೆ ಎಲ್ಲಿಯದೋ ಹೆಸರು ಕೂತುಬಿಡುತ್ತದೆ, ಆಮೇಲೆ ಯಾವುದು ತಪ್ಪು ಅಂತ ಹುಡುಕುವುದೇ ಒಂದು ಕೆಲಸ.

ರಾಗದ ಹೆಸರನ್ನು ಟೈಟಲ್ಲಿನಲ್ಲಿ ಮೊದಲು ಬರೆಯಿರಿ, ಆಮೇಲೆ ತಾಳ, ಆಮೇಲೆ ಬಂದಿಶ್, ಅಂದರೆ ಹಾಡಿದ ಚೀಜಿನ ಮೊದಲ ಸಾಲು. ಸಂಗೀತದ ಬಗೆ ಬರೆಯುವ ಜಾನರ್ ಖಾನೆಯಲ್ಲಿ ಬರೀ ‘ಶಾಸ್ತ್ರೀಯ’ ಅಂತ ಹಾಕಬೇಡಿ, ಹಿಂದೂಸ್ತಾನಿ, ಕರ್ನಾಟಕಿ ಅಂತ ಬೇರೆ ಮಾಡಿ. ಕರ್ನಾಟಕಿಯ ಹಿಂದೋಳ ಅಂದರೆ ನಮ್ಮ ಮಾಲಕಂಸದ ಸ್ವರಗಳು, ಹಿಂದೂಸ್ತಾನಿಯ ಹಿಂದೋಲ ಪೂರ್ತಿ ಬೇರೆ ರಾಗ. ತೋಡಿಯೂ ಹಾಗೇ, ಕರ್ನಾಟಕಿಯ ತೋಡಿಯ ಸ್ವರಗಳು ನಮ್ಮ ಭೈರವಿಗೆ ಹತ್ತಿರ. ಎರಡನ್ನೂ ಒಂದೇ ಪಟ್ಟಿಗೆ ಹಾಕಿದರೆ ಬೆಳಿಗ್ಗೆ ತೋಡಿ ಕೇಳೋಣ ಅಂತ ಒತ್ತಿದವರಿಗೆ ಬೇರೆಯೇ ಬರುತ್ತದೆ.

ಕುಮಟಾದವರು

ಸಮುದ್ರದ ಬದಿ ಮನೆ ಆದರೆ ಡಿಸ್ಕು, ಸೀಡಿ, ಕ್ಯಾಸೆಟ್ ಯಾವುದನ್ನೂ ನಂಬಬೇಡಿ. ಮಳೆಗಾಲದಲ್ಲಿ ನನ್ನ ಅರ್ಧ ಸೀಡಿಗೆ ಬೂಷ್ಟು ಹಿಡಿಯಿತು. ಡಿಸ್ಕ್ ಒಂದು ಕೆಟ್ಟಾಗ ರಿಪೇರಿ ಅಂಗಡಿಗೆ ಕೊಟ್ಟೆ, ಅವನು ಫಾರ್ಮ್ಯಾಟ್ ಮಾಡಿ ‘ಈಗ ಚೆನ್ನಾಗಿ ನಡೀತದೆ’ ಅಂತ ವಾಪಸ್ ಕೊಟ್ಟ. ಮೂರು ಪ್ರತಿ ಇಡಿ, ಅದರಲ್ಲಿ ಒಂದು ಬೇರೆ ಊರಿನಲ್ಲಿ. ನನ್ನದು ಬೆಂಗಳೂರಿನಲ್ಲಿ ತಂಗಿಯ ಮನೆಯಲ್ಲಿದೆ.

ಸಿದ್ದಾಪುರದವರು

ಕಾರವಾರದ ತಂಗಿ, ನಿನ್ನ ಹತ್ತಿರ ಇರುವುದರಲ್ಲಿ ಅವಸರದ್ದು ಯಾವುದು ಅಂದರೆ ಕ್ಯಾಸೆಟ್ ಕೂಡ ಅಲ್ಲ, ಅದನ್ನು ಕೇಳಿ ಗುರುತು ಹಿಡಿಯುವ ಜನ. ನಾನು 30 ಸೆಕೆಂಡಿನ ತುಂಡು ಮಾಡಿ ನಮ್ಮ ಅತ್ತೆಗೆ ವಾಟ್ಸಪ್ಪಿನಲ್ಲಿ ಕಳಿಸುತ್ತೇನೆ. ಅವರಿಗೆ 81 ವರ್ಷ. ಟೈಪ್ ಮಾಡಲು ಬರುವುದಿಲ್ಲ, ಮಾತಾಡಿ ಕಳಿಸುತ್ತಾರೆ. ‘ಇದು ನೆಬ್ಬೂರು ಭಾಗವತರು, ಮದ್ದಳೆ ಯಾರದ್ದೋ ಗೊತ್ತಾಗಲಿಲ್ಲ, ಚಂಡೆ ಜಾಸ್ತಿ ಕೇಳ್ತದೆ, ಟೇಪು ಆ ಬದಿಗೆ ಇಟ್ಟಿದ್ರು ಕಾಣ್ತದೆ’ ಅಂತೆಲ್ಲ ಹೇಳುತ್ತಾರೆ. ಆ ಮಾತನ್ನೂ ನಾನು ಅದೇ ಫೋಲ್ಡರಿನಲ್ಲಿ ಇಡುತ್ತೇನೆ. ನಾಲ್ಕು ತಿಂಗಳಲ್ಲಿ 160 ತುಂಡು ಗುರುತು ಹಿಡಿದರು. ಯಾವ ಸಾಫ್ಟ್‌ವೇರೂ ಇಷ್ಟು ಮಾಡಲಿಲ್ಲ.

ಉದ್ದದ ಆಟವನ್ನು ತುಂಡು ಮಾಡಲು ಅಡಾಸಿಟಿ ಅನ್ನುವ ಸಾಫ್ಟ್‌ವೇರ್ ಸಾಕು. ಕೇಳುತ್ತಾ ಇರುವಾಗ ಪದ್ಯ ಶುರುವಾದ ಕೂಡಲೇ ಕಂಟ್ರೋಲ್ ಮತ್ತು ಎಂ ಒತ್ತಿದರೆ ಅಲ್ಲೊಂದು ಗುರುತು ಬೀಳುತ್ತದೆ, ಅದಕ್ಕೆ ಪದ್ಯದ ಮೊದಲ ಮಾತು ಬರೆಯಿರಿ. ಕೊನೆಗೆ ಆ ಗುರುತುಗಳ ಪ್ರಕಾರ ಬೇರೆ ಬೇರೆ ಫೈಲ್ ಆಗಿ, ಅದೇ ಹೆಸರಿನಲ್ಲಿ ಹೊರಗೆ ಬರುತ್ತದೆ. ಈಗಾಗಲೇ ಎಂಪಿ3 ಆಗಿದ್ದರೆ ಮಾತ್ರ ಎಂಪಿ3 ಡೈರೆಕ್ಟ್ ಕಟ್ ಬಳಸಿ, ಅದು ಮತ್ತೊಮ್ಮೆ ಅದುಮದೆ ಕತ್ತರಿಸುತ್ತದೆ, ಧ್ವನಿ ಕೆಡುವುದಿಲ್ಲ. ಕ್ಯಾಸೆಟ್ಟಿನಿಂದ ಹೊಸದಾಗಿ ಇಳಿಸುವವರು ಫ್ಲ್ಯಾಕಿನಲ್ಲಿ ಇಡಿ, ಅದು ಧ್ವನಿ ಕೆಡದ ಹಾಗೆ ಫೈಲನ್ನು ಚಿಕ್ಕದು ಮಾಡುತ್ತದೆ. ಅದುಮದ ವೇವ್ ಫೈಲು ಆದರೆ ಸೀಡಿ ಗುಣಮಟ್ಟದಲ್ಲಿ ಗಂಟೆಗೆ ಸುಮಾರು 635 ಎಂಬಿ, ಒಂದು ಫೈಲು 4 ಜಿಬಿ ದಾಟುವಂತಿಲ್ಲ. ಅಂದರೆ ಏಳು ಗಂಟೆ ಆಗುವುದರೊಳಗೆ ನಿಂತುಹೋಗುತ್ತದೆ. ನನ್ನದು ಬೆಳಗಿನ ಜಾವದ ಭಾಗ, ಎಲ್ಲರೂ ಕಾಯುವ ಭಾಗ, ಸರಿಯಾಗಿ ಅಲ್ಲೇ ಕಡಿಯಿತು.

ಕಾರವಾರದಿಂದ, ಆರು ವಾರದ ಮೇಲೆ

ಎಲ್ಲರಿಗೂ ಏನು ಹೇಳಲಿ! ನಕಲು ಮಾಡಿದೆ, ಒಂದು ಡಿಸ್ಕ್ ಅಣ್ಣನ ಹತ್ತಿರ ಪುಣೆಗೆ ಹೋಯಿತು. ಫೋಲ್ಡರ್ ಹೆಸರುಗಳನ್ನು ಕಾಮೆಂಟಿಗೆ ತುಂಬಿದೆ. ಆಮೇಲೆ ಡೂಪ್‌ಗುರು ಅನ್ನುವುದರಲ್ಲಿ ಒಂದೇ ಹಾಡಿನ ನಕಲುಗಳನ್ನು ಹುಡುಕಿದೆ, 23 ಸಾವಿರ ಹೋಗಿ 14 ಸಾವಿರ ಆಯಿತು. ಅಪ್ಪ ಒಂದೇ ಹಾಡನ್ನು ನಾಲ್ಕು ಕಡೆ ಇಟ್ಟುಕೊಂಡಿದ್ದರು, ಯಾಕೆಂದರೆ ಅವರಿಗೂ ಹುಡುಕಿದಾಗ ಸಿಗುತ್ತಿರಲಿಲ್ಲ! ಸಿನಿಮಾ ಹಾಡು ಪಿಕಾರ್ಡಿಗೆ ಕೊಟ್ಟೆ, ಮುಕ್ಕಾಲು ಪಾಲು ಸರಿಯಾಯಿತು. ‘ಎಲ್ಲ ಒಳ್ಳೇದು’ ಈಗ ಒಂದು ಪ್ಲೇಲಿಸ್ಟ್. 212 ಹಾಡು, ಅದರಲ್ಲಿ ಯಕ್ಷಗಾನ ಒಂದೂ ಇಲ್ಲ, ಎಲ್ಲ ಭಜನೆ ಮತ್ತು ಎಸ್. ಜಾನಕಿ. ಅಪ್ಪನ ಬಗ್ಗೆ ನನಗೆ ಇದು ಗೊತ್ತೇ ಇರಲಿಲ್ಲ.

ಕ್ಯಾಸೆಟ್ ಮಾತ್ರ ಹಾಗೇ ಉಳಿದಿದೆ. ನಮ್ಮ ಮನೆಯ ಟೇಪ್ ರೆಕಾರ್ಡರ್ ತಿರುಗುತ್ತದೆ, ಆದರೆ ಭಾಗವತರು ನಿದ್ದೆಗಣ್ಣಿನಲ್ಲಿ ಹಾಡಿದ ಹಾಗೆ ಕೇಳುತ್ತದೆ. ಚೆನ್ನಾಗಿರುವ ಡೆಕ್ ಯಾರ ಹತ್ತಿರವಾದರೂ ಇದೆಯಾ?

ಶಿರಸಿಯವರು

ಅದು ಬೆಲ್ಟ್ ಸಡಿಲ ಆಗಿದ್ದು. ನನ್ನ ಡೆಕ್ಕಿಗೆ ಹೋದ ತಿಂಗಳು ಹೊಸ ಬೆಲ್ಟ್ ಹಾಕಿಸಿದ್ದೇನೆ. ಡಬ್ಬಿ ಎರಡೂ ತೆಗೆದುಕೊಂಡು ಬಾ, ಮಳೆ ಹಿಡಿಯುವ ಮೊದಲೇ ಬಾ. ಸಿದ್ದಾಪುರದವರೇ, ಆಗುವುದಾದರೆ ನಿಮ್ಮ ಅತ್ತೆಯನ್ನೂ ಕರೆದುಕೊಂಡು ಬನ್ನಿ, ಊಟ ನಮ್ಮಲ್ಲೇ.