‘ದೊಡ್ಡ ಪ್ರಮಾಣದ ನಕ್ಷೆ’ ಎಂದರೆ ಯಾವುದು?

ಪ್ರಶ್ನೆ (ಬಸವನಗುಡಿಯ ತಾಯಿ):
ಒಂಬತ್ತನೆಯ ತರಗತಿಯಲ್ಲಿರುವ ನನ್ನ ಮಗಳು, ಗೋಡೆಗೆ ತೂಗುಹಾಕುವ ಭಾರತದ ಭೂಪಟವನ್ನು ‘ದೊಡ್ಡ ಪ್ರಮಾಣದ ನಕ್ಷೆ’ ಎಂದು ಬರೆದು ಅಂಕ ಕಳೆದುಕೊಂಡಿದ್ದಾಳೆ. ದೇಶವೂ ದೊಡ್ಡದು, ಹಾಳೆಯೂ ದೊಡ್ಡದು. ನಾನಾಗಿದ್ದರೂ ಹಾಗೆಯೇ ಬರೆಯುತ್ತಿದ್ದೆ. ಒಂದು ಬಡಾವಣೆಯನ್ನಷ್ಟೇ ತೋರಿಸುವ ನಕ್ಷೆ ದೊಡ್ಡ ಪ್ರಮಾಣದ್ದು ಹೇಗಾಗುತ್ತದೆ ಎಂಬುದನ್ನು ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ 1 (ನಿವೃತ್ತ ಭೂಗೋಳ ಉಪನ್ಯಾಸಕ):
ಮೇಡಂ, ಪ್ರಮಾಣವೆಂಬುದು ಒಂದು ಭಿನ್ನರಾಶಿ ಎಂದು ಮಗಳಿಗೆ ಹೇಳಿ. ಗೊಂದಲ ಬಹುಮಟ್ಟಿಗೆ ಅಲ್ಲಿಗೇ ಬಗೆಹರಿಯುತ್ತದೆ. 1:50,000 ಎಂದರೆ ಐವತ್ತು ಸಾವಿರದಲ್ಲಿ ಒಂದು ಭಾಗ, 1:10,00,000 ಎಂದರೆ ಹತ್ತು ಲಕ್ಷದಲ್ಲಿ ಒಂದು ಭಾಗ. ಇವೆರಡರಲ್ಲಿ ಮೊದಲನೆಯದೇ ದೊಡ್ಡದಲ್ಲವೇ? ನಿಮಗೆ ಹತ್ತಿರದ ಲಾಲ್‌ಬಾಗನ್ನೇ ತೆಗೆದುಕೊಳ್ಳಿ. ಸುಮಾರು 240 ಎಕರೆಯ ಆ ತೋಟವನ್ನು ಒಂದು ಕಿಲೋಮೀಟರ್ ಉದ್ದಗಲದ ಚೌಕವೆಂದು ಭಾವಿಸಿದರೆ, ಭಾರತೀಯ ಸರ್ವೇಕ್ಷಣಾ ಇಲಾಖೆಯ 1:50,000 ಪ್ರಮಾಣದ ಟೋಪೋಶೀಟ್‌ನಲ್ಲಿ (ಬೆಟ್ಟ, ಕೆರೆ, ರಸ್ತೆಗಳನ್ನು ವಿವರವಾಗಿ ತೋರಿಸುವ ನಕ್ಷೆಯ ಹಾಳೆಯಲ್ಲಿ) ಅದು ಎರಡು ಸೆಂಟಿಮೀಟರ್, ಅಂದರೆ ಹೆಚ್ಚುಕಡಿಮೆ ಹೆಬ್ಬೆಟ್ಟಿನ ಗುರುತಿನಷ್ಟು ಜಾಗ ಹಿಡಿಯುತ್ತದೆ. ಅದರೊಳಗೆ ಕೆರೆಯ ಅಂಚನ್ನೂ ಬಿಡಿಸಬಹುದು. ಹತ್ತು ಲಕ್ಷದ ನಕ್ಷೆಯಲ್ಲಾದರೋ ಅದೇ ಲಾಲ್‌ಬಾಗ್ ಒಂದು ಮಿಲಿಮೀಟರಿನ ಚುಕ್ಕೆ. ನೆಲದ ಮೇಲಿನ ವಸ್ತು ದೊಡ್ಡದಾಗಿ ಮೂಡಿದರೆ ಅದು ದೊಡ್ಡ ಪ್ರಮಾಣ. ಹಾಳೆಯ ಅಳತೆಗೂ ಅದಕ್ಕೂ ಸಂಬಂಧವಿಲ್ಲ.

ಉತ್ತರ 2 (ಭೂಮಾಪನ ಕೆಲಸದವನು):
ಮೇಲಿನವರ ಮಾತು ಸರಿ. ನಮ್ಮ ಕಡೆಯ ಹಳೆಯ ಗ್ರಾಮ ನಕ್ಷೆಗಳು ಇನ್ನೂ ದೊಡ್ಡ ಪ್ರಮಾಣದವು: 1:7,920. ಈ ವಿಚಿತ್ರ ಸಂಖ್ಯೆ ಎಲ್ಲಿಂದ ಬಂತೆಂದರೆ, ತಲಾ 66 ಅಡಿ ಉದ್ದದ ಹತ್ತು ಭೂಮಾಪನ ಸರಪಳಿಗಳಷ್ಟು ದೂರವನ್ನು ಕಾಗದದ ಮೇಲೆ ಒಂದು ಇಂಚಿಗೆ ಇಳಿಸಿದ್ದರಿಂದ. 660 ಅಡಿಗೆ 7,920 ಇಂಚು. ಇಲ್ಲೊಂದು ಎಚ್ಚರಿಕೆ ಅಗತ್ಯ. ಒಮ್ಮೆ ಅಂಗಡಿಯಲ್ಲಿ ಮಾಡಿಸಿದ ಜೆರಾಕ್ಸ್ ಪ್ರತಿ ತುಸು ಕುಗ್ಗಿ ಬಂದಿದ್ದನ್ನು ಗಮನಿಸದೆ, ನಕ್ಷೆಯಲ್ಲಿ ಅಚ್ಚಾಗಿದ್ದ ಅನುಪಾತವನ್ನೇ ನಂಬಿ ಅಳೆದು, ಇಡೀ ದಿನದ ಲೆಕ್ಕವನ್ನು ಮತ್ತೆ ಮಾಡಬೇಕಾಯಿತು. ಹಿಗ್ಗಿಸಿದರೂ ಕುಗ್ಗಿಸಿದರೂ ಆ ಅಂಕಿ ಸುಳ್ಳಾಗುತ್ತದೆ. ನಕ್ಷೆಯ ಕೆಳಗೆ ಅಳತೆಪಟ್ಟಿಯಂತೆ ಎಳೆದಿರುವ ರೇಖಾ ಪ್ರಮಾಣ ಮಾತ್ರ ನಕ್ಷೆಯ ಜೊತೆಗೇ ಹಿಗ್ಗಿ ಕುಗ್ಗುವುದರಿಂದ ನಿಜವಾಗಿಯೇ ಉಳಿಯುತ್ತದೆ. ಮೊಬೈಲ್ ನಕ್ಷೆಯ ಮೂಲೆಯಲ್ಲಿರುವ ಪುಟ್ಟ ಗೆರೆಯೂ ಅದೇ.

ಉತ್ತರ 3 (ಮಲ್ಲೇಶ್ವರದಿಂದ):
ಮಗಳಿಗೆ ಟೋಪೋಶೀಟ್ ತೋರಿಸುವುದಾದರೆ ಹಾಳೆಯ ಸಂಖ್ಯೆಯನ್ನು ನೋಡಿಕೊಳ್ಳಿ. ಹಾಳೆಗಳ ಅಂಚಾಗಿರುವ 13 ಡಿಗ್ರಿ ಉತ್ತರ ಅಕ್ಷಾಂಶ ನಮ್ಮ ಬಡಾವಣೆಯ ಆಸುಪಾಸಿನಲ್ಲೇ ಹಾದುಹೋಗುವುದರಿಂದ ನಗರದ ಬಹುಭಾಗ ಎರಡು ಹಾಳೆಗಳಿಗೆ ಹಂಚಿಹೋಗಿದೆ. ರೇಖೆಯ ದಕ್ಷಿಣಕ್ಕಿರುವ ಲಾಲ್‌ಬಾಗ್, ಬಸವನಗುಡಿಗಳು 57 ಎಚ್/9ರಲ್ಲಿ ಸಿಗುತ್ತವೆ. ಹೆಬ್ಬಾಳ, ಯಲಹಂಕಗಳಿಗೆ 57 ಜಿ/12 ಬೇಕು.