ಲಿನಕ್ಸ್ ಸಾಫ್ಟ್‌ವೇರ್ ರೈಡ್: ಡಿಸ್ಕ್ ಕೈಕೊಟ್ಟ ಸುದ್ದಿ ನಮಗೆ ತಲುಪುವಂತೆ ಮಾಡುವುದು ಹೇಗೆ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಲಿನಕ್ಸ್‌ನಲ್ಲಿ ಸಾಫ್ಟ್‌ವೇರ್ ರೈಡ್ ನಿರ್ವಹಿಸುವ ಎಂಡಿಎಡಿಎಂ (mdadm) ಸಾಧನ ಬಳಸಿ, ಒಂದೇ ದತ್ತಾಂಶವನ್ನು ಎರಡರಲ್ಲೂ ಇಡುವ ಎರಡು ಡಿಸ್ಕ್‌ಗಳ ರೈಡ್ 1 ಅರೇಯೊಂದನ್ನು (ಡಿಸ್ಕ್ ಜೋಡಣೆಯೊಂದನ್ನು) ಕಟ್ಟಿಕೊಂಡಿದ್ದೆ. ಮೊನ್ನೆ ಬೇರೊಂದು ಕೆಲಸಕ್ಕೆಂದು ಅರೇಯ ಸ್ಥಿತಿ ತೋರಿಸುವ ಎಂಡಿಸ್ಟ್ಯಾಟ್ ಕಡತವನ್ನು ತೆರೆದಾಗ, ಚೌಕಾವರಣದೊಳಗೆ ಎರಡು ‘ಯು’ ಇರಬೇಕಾದ ಕಡೆ ಒಂದು ‘ಯು’ ಮತ್ತು ಅದರ ಪಕ್ಕದಲ್ಲೊಂದು ಅಡಿಗೆರೆ (ಅಂದರೆ ಒಂದು ಡಿಸ್ಕ್ ಇಲ್ಲವೆಂಬ ಗುರುತು) ಕಾಣಿಸಿತು. ಲಾಗ್ ತಿರುವಿ ಹಾಕಿದರೆ, ಎರಡನೆಯ ಡಿಸ್ಕ್ ನಾಲ್ಕು ತಿಂಗಳ ಹಿಂದೆಯೇ ಅರೇಯಿಂದ ಹೊರಬಿದ್ದಿತ್ತು. ಅರೇಯ ಮೇಲೆ ಕಣ್ಣಿಡುವ ಮಾನಿಟರ್ ಸೇವೆ ಓಡುತ್ತಲೇ ಇತ್ತು. ಆದರೆ ಇಮೇಲ್ ವಿಳಾಸದ ಜಾಗದಲ್ಲಿ ‘ರೂಟ್’ (ಯಂತ್ರದೊಳಗಿನ ನಿರ್ವಾಹಕ ಖಾತೆ) ಎಂದಷ್ಟೇ ಇದ್ದುದರಿಂದ ಎಚ್ಚರಿಕೆ ನನ್ನವರೆಗೆ ಬರಲೇ ಇಲ್ಲ. ಅರೇ ಕಟ್ಟುವಾಗ, ಎಚ್ಚರಿಕೆ ಯಾರಿಗೆ ಹೋಗಬೇಕೆಂದು ಯಾವ ಹಂತದಲ್ಲೂ ನನ್ನನ್ನು ಕೇಳಿರಲಿಲ್ಲ. ನಾನು ಏನೇನು ಸರಿಪಡಿಸಿಕೊಳ್ಳಬೇಕು? ಅಳವಡಿಕೆಯ ವಿಧಾನದಲ್ಲೇ ಏನು ಬದಲಾಗಬೇಕೆಂದು ನಿಮಗೆ ಅನಿಸುತ್ತದೆ?

ಉತ್ತರ 1

ಎಂಡಿಎಡಿಎಂ ಸಂರಚನಾ ಕಡತದ ‘ಮೇಲ್‌ಆ್ಯಡರ್’ ಸಾಲಿನಲ್ಲಿ ನೀವು ದಿನವೂ ನೋಡುವ ವಿಳಾಸವನ್ನು ಬರೆಯಿರಿ. ಅನಂತರ ಮಾನಿಟರ್, ಸ್ಕ್ಯಾನ್, ಒನ್‌ಶಾಟ್, ಟೆಸ್ಟ್ ಎಂಬ ಆಯ್ಕೆಗಳನ್ನು ಒಟ್ಟಿಗೆ ಕೊಟ್ಟು ಆದೇಶವನ್ನು ಓಡಿಸಿದರೆ ಪ್ರತಿ ಅರೇಗೂ ಒಂದೊಂದು ಪರೀಕ್ಷಾ ಸಂದೇಶ ಹೊರಡುತ್ತದೆ. ಅದು ನಿಮ್ಮ ಅಂಚೆಪೆಟ್ಟಿಗೆಗೆ ಬಂದದ್ದನ್ನು ಕಣ್ಣಾರೆ ನೋಡುವವರೆಗೆ ಕೆಲಸ ಮುಗಿದಿಲ್ಲವೆಂದೇ ತಿಳಿಯಿರಿ, ಏಕೆಂದರೆ ಯಂತ್ರದಲ್ಲಿ ಇಮೇಲ್ ಕಳುಹಿಸುವ ತಂತ್ರಾಂಶವೇ ಇಲ್ಲದಿದ್ದರೆ ವಿಳಾಸ ಸರಿಯಿದ್ದರೂ ಪ್ರಯೋಜನವಿಲ್ಲ. ಇಮೇಲ್ ಬೇಡವೆಂದಾದರೆ ‘ಪ್ರೋಗ್ರಾಂ’ ಸಾಲಿನಲ್ಲಿ ನಿಮ್ಮದೇ ಸ್ಕ್ರಿಪ್ಟ್ ಒಂದನ್ನು ಸೂಚಿಸಬಹುದು. ನನ್ನ ಅಭಿಪ್ರಾಯದಲ್ಲಿ, ಈ ಪರೀಕ್ಷೆ ಅಳವಡಿಕೆಯ ಕಡ್ಡಾಯ ಹಂತವಾಗಬೇಕು.

ಉತ್ತರ 2

ಮೇಲಿನ ಸಲಹೆ ಸರಿಯಾಗಿದೆ. ಆದರೆ ಡಿಸ್ಕ್ ಏಕೆ ಹೊರಬಿತ್ತು ಎಂಬುದನ್ನೂ ನೋಡಬೇಕು, ಏಕೆಂದರೆ ಅದು ನಿಜವಾಗಿ ಕೆಟ್ಟಿರಲೇಬೇಕೆಂದಿಲ್ಲ. ಓದಲಾಗದ ಸೆಕ್ಟರ್ (ಡಿಸ್ಕಿನ ಒಂದು ಪುಟ್ಟ ಭಾಗ) ಎದುರಾದಾಗ ಸಾಮಾನ್ಯ ಡೆಸ್ಕ್‌ಟಾಪ್ ಡಿಸ್ಕ್ ಒಂದು ನಿಮಿಷಕ್ಕೂ ಹೆಚ್ಚು ಹೊತ್ತು ಮತ್ತೆ ಮತ್ತೆ ಪ್ರಯತ್ನಿಸುತ್ತಿರಬಹುದು. ಲಿನಕ್ಸ್‌ನ ತಿರುಳಾದ ಕರ್ನೆಲ್ ಮಾತ್ರ 30 ಸೆಕೆಂಡ್ ಕಾದು, ಉತ್ತರ ಬಾರದಿದ್ದರೆ ಸಂಪರ್ಕವನ್ನೇ ರೀಸೆಟ್ ಮಾಡಲು ಹೊರಡುತ್ತದೆ. ಆಗಲೂ ಡಿಸ್ಕ್ ಸ್ಪಂದಿಸದಿದ್ದರೆ ಅದನ್ನು ಅರೇಯಿಂದ ಕಿತ್ತುಹಾಕಲಾಗುತ್ತದೆ. ಸ್ಮಾರ್ಟ್‌ಸಿಟಿಎಲ್ (ಡಿಸ್ಕಿನ ಆರೋಗ್ಯ ನೋಡುವ ಸಾಧನ) ಮೂಲಕ ದೋಷ ಪರಿಹಾರದ ಅವಧಿಯನ್ನು 7 ಸೆಕೆಂಡಿಗೆ ಇಳಿಸಿ. ಡಿಸ್ಕ್ ಅದಕ್ಕೆ ಒಪ್ಪದಿದ್ದರೆ ಕರ್ನೆಲ್ ಕಾಯುವ ಅವಧಿಯನ್ನು 180 ಸೆಕೆಂಡಿಗೆ ಏರಿಸಿ. ವಿದ್ಯುತ್ ಹೋಗಿ ಬಂದರೆ ಅನೇಕ ಡಿಸ್ಕ್‌ಗಳು 7 ಸೆಕೆಂಡಿನ ಈ ಮಿತಿಯನ್ನು ಮರೆಯುತ್ತವೆ. ಕರ್ನೆಲ್‌ನ ಅವಧಿಯೂ ಪ್ರತಿ ಬೂಟ್‌ನಲ್ಲಿ ಹಳೆಯದಕ್ಕೇ ಮರಳುತ್ತದೆ. ಆದ್ದರಿಂದ ಬೂಟ್ ಆಗುವಾಗಲೆಲ್ಲ ನೀವು ಆರಿಸಿಕೊಂಡ ಅವಧಿಯನ್ನು ಮತ್ತೆ ಹೊಂದಿಸುವ ಸ್ಕ್ರಿಪ್ಟ್ ಇರಲಿ. ತಿಂಗಳಿಗೊಮ್ಮೆ ಇಡೀ ಅರೇಯನ್ನು ಓದಿ ನೋಡುವ ‘ಚೆಕ್’ ನಡೆಯುತ್ತಿದೆಯೇ ಎಂಬುದನ್ನೂ ಖಚಿತಪಡಿಸಿಕೊಳ್ಳಿ.

ಪ್ರಶ್ನೆ ಕೇಳಿದವರಿಂದ

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ಮೊದಲ ಪರೀಕ್ಷಾ ಸಂದೇಶ ಬರಲಿಲ್ಲ. ನೋಡಿದರೆ ಇಮೇಲ್ ಕಳುಹಿಸುವ ತಂತ್ರಾಂಶವೇ ಇರಲಿಲ್ಲ. ಅದನ್ನು ಹಾಕಿಕೊಂಡ ಮೇಲೆ ಸಂದೇಶ ಫೋನಿಗೆ ಬಂತು. ನನ್ನ ಡಿಸ್ಕ್‌ಗಳು 7 ಸೆಕೆಂಡಿನ ಮಿತಿಗೆ ಒಪ್ಪಲಿಲ್ಲವಾದ್ದರಿಂದ 180 ಸೆಕೆಂಡಿನ ದಾರಿ ಹಿಡಿದಿದ್ದೇನೆ. ದತ್ತಾಂಶವನ್ನು ಮೊದಲು ಬೇರೆಡೆಗೆ ನಕಲು ಮಾಡಿಟ್ಟು, ಸ್ಮಾರ್ಟ್‌ನ ದೀರ್ಘ ಪರೀಕ್ಷೆಯಲ್ಲಿ (ಡಿಸ್ಕ್ ತನ್ನನ್ನೇ ತಪಾಸಣೆ ಮಾಡಿಕೊಳ್ಳುವ ಪರೀಕ್ಷೆ) ತೇರ್ಗಡೆಯಾದ ಅದೇ ಡಿಸ್ಕನ್ನು ಮತ್ತೆ ಸೇರಿಸಿದೆ. ಈಗ ರೀಬಿಲ್ಡ್ (ಆ ಡಿಸ್ಕಿಗೆ ದತ್ತಾಂಶವನ್ನು ಮತ್ತೆ ತುಂಬುವ ಕೆಲಸ) ನಡೆಯುತ್ತಿದೆ. ವಿಳಾಸ ಕೇಳಿ, ಪರೀಕ್ಷಾ ಸಂದೇಶ ಕಳುಹಿಸಿ, ಅದು ತಲುಪಿತೇ ಎಂದು ವಿಚಾರಿಸುವ ಒಂದು ಹಂತವನ್ನು ಅಳವಡಿಕೆಯಲ್ಲಿ ಸೇರಿಸಬೇಕೆಂದು ಕೋರಿ ಅಭಿವರ್ಧಕರಿಗೆ ಇಂದೇ ಬರೆಯುತ್ತಿದ್ದೇನೆ.